ಹಳೇ ಮೋಟಾರ್ ಬೋಟಿನ ವೈರಿಂಗ್: ಸೆಲ್ಫ್ ಹೊಡೆದರೆ ಸ್ಕ್ರೀನ್ ಆಫ್ ಆಗುತ್ತದೆ, ಎಲ್ಲಿಂದ ಶುರು ಮಾಡಲಿ?

ನೀಲಿಹರವು:
ಎಲ್ಲರಿಗೂ ನಮಸ್ಕಾರ. ಆರು ಮೀಟರ್ ಉದ್ದದ ಫೈಬರ್ ಬೋಟು, ಹಿಂದೆ 90 ಕುದುರೆಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಎರಡು ತಿಂಗಳಾಯಿತು. ಎಂಜಿನ್ ಚೆನ್ನಾಗಿದೆ, ಬಾಡಿ ಗಟ್ಟಿಯಾಗಿದೆ. ಕರೆಂಟಿನದ್ದೇ ಗೋಳು.

ಸೆಲ್ಫ್ ಹೊಡೆದ ತಕ್ಷಣ ಜಿಪಿಎಸ್ ಸ್ಕ್ರೀನ್ ಆಫ್ ಆಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಒಂದೊಂದು ಸಲ ಸೆಲ್ಫ್ ಬರೀ ‘ಟಕ್’ ಅಂದು ಸುಮ್ಮನಾಗುತ್ತದೆ, ಎರಡನೇ ಸಲಕ್ಕೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತಿರುಗುತ್ತದೆ. ಟ್ರಿಮ್ ಬಟನ್ ಒತ್ತಿ ಎಂಜಿನ್ ಮೇಲೆತ್ತುವಾಗ ದೀಪಗಳು ಮಂಕಾಗುತ್ತವೆ. ಬ್ಯಾಟರಿ ಎರಡಿವೆ, ಮಧ್ಯೆ 1–2–ಬೋತ್–ಆಫ್ ಅಂತ ಬರೆದಿರುವ ದಪ್ಪ ಸ್ವಿಚ್ ಇದೆ. ಒಂದನೇ ಬ್ಯಾಟರಿ ಅಳೆದರೆ 12.6 ವೋಲ್ಟ್, ಎರಡನೆಯದು 12.1.

ಡ್ಯಾಶ್ ಕೆಳಗೆ ಟಾರ್ಚ್ ಹಾಕಿ ನೋಡಿದೆ. ಹಕ್ಕಿ ಗೂಡು ಕಟ್ಟಿದ ಹಾಗಿದೆ. ಕೆಲವು ವೈರುಗಳ ತುದಿಗೆ ಟೇಪ್ ಸುತ್ತಿ ಹಾಗೇ ಬಿಟ್ಟಿದ್ದಾರೆ. ಕೈ ಹಾಕೋಕೇ ಭಯ. ನನಗೆ ಬರೀ ರಿಪೇರಿ ಬೇಡ, ಈ ಬೋಟಿನ ಕರೆಂಟು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಬೇಕು. ನಡುನೀರಲ್ಲಿ ನಿಂತುಬಿಟ್ಟರೆ ನಾನೇ ನೋಡಿಕೊಳ್ಳುವಷ್ಟಾದರೂ ಗೊತ್ತಿರಬೇಕು ಅಲ್ವಾ? ಎಲ್ಲಿಂದ ಶುರು ಮಾಡಲಿ?

ಅಲೆಮಾರಿ:
ಬ್ಯಾಟರಿ ಹೋಗಿದೆ ಸರ್. ಎರಡನ್ನೂ ಬದಲಾಯಿಸಿ, ಎಲ್ಲ ಸರಿ ಹೋಗುತ್ತದೆ. ನನ್ನದೂ ಹೀಗೇ ‘ಟಕ್’ ಅನ್ನುತ್ತಿತ್ತು.

ಮೀಟರ್‌ಹಿಡಿ:
ಅಳೆಯದೆ ಏನನ್ನೂ ಬದಲಾಯಿಸಬೇಡಿ. ‘ಟಕ್’ ಶಬ್ದಕ್ಕೆ ಬ್ಯಾಟರಿಯೂ ಕಾರಣವಾಗಬಹುದು, ಕೇಬಲ್ಲೂ ಆಗಬಹುದು, ಸಡಿಲವಾದ ಒಂದು ನಟ್ ಕೂಡ ಆಗಬಹುದು.

ಅಲೆಮಾರಿ:
ಎರಡನೇ ಬ್ಯಾಟರಿ 12.1 ಇದೆ ಅಂತ ಅವರೇ ಬರೆದಿದ್ದಾರಲ್ಲ?

ಮೀಟರ್‌ಹಿಡಿ:
ಅದು ಚಾರ್ಜ್ ಕಡಿಮೆ ಇದೆ ಅಂತ ಹೇಳುತ್ತದೆ, ಬ್ಯಾಟರಿ ಸತ್ತಿದೆ ಅಂತಲ್ಲ. ಲೆಡ್ ಆಸಿಡ್ ಬ್ಯಾಟರಿ ತುಂಬಿ, ಕೆಲವು ಗಂಟೆ ಸುಮ್ಮನೆ ಬಿಟ್ಟಾಗ 12.6ರಿಂದ 12.7 ಇರುತ್ತದೆ. 12.2ರ ಹತ್ತಿರ ಬಂತು ಅಂದರೆ ಅರ್ಧ ಖಾಲಿ. ಅವರ ಸ್ವಿಚ್ ಯಾವಾಗಲೂ 1ರಲ್ಲೇ ಇದ್ದರೆ ಎರಡನೆಯದಕ್ಕೆ ಚಾರ್ಜೇ ಹೋಗಿರುವುದಿಲ್ಲ.

ಇನ್ನೊಂದು ಮಾತು. 12.6 ತೋರಿಸಿತು ಅಂತ ಬ್ಯಾಟರಿ ಗಟ್ಟಿ ಅಂತಲೂ ಹೇಳೋಕಾಗಲ್ಲ. ಕೆಲಸ ಮಾಡುವಾಗ ಎಷ್ಟು ಕುಸಿಯುತ್ತದೆ ಅನ್ನೋದೇ ಮುಖ್ಯ.

ನೀಲಿಹರವು:
ಹೌದು, ಸ್ವಿಚ್ ಯಾವಾಗಲೂ 1ರಲ್ಲೇ ಇರುತ್ತದೆ. ಮಾರಿದವರು ಹಾಗೇ ಇಡಿ ಅಂದಿದ್ದರು.

ಹಳೇಚುಕ್ಕಾಣಿ:
ನೀಲಿಹರವು ಅವರೇ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಮೊದಲು ಚಿತ್ರ ಮನಸ್ಸಿಗೆ ಬರಲಿ. ಬೋಟಿನ ಕರೆಂಟು ಅಂದರೆ ಒಂದು ಸುತ್ತು. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟು, ದಪ್ಪ ಸ್ವಿಚ್ಚು, ಅಲ್ಲಿಂದ ಎರಡು ದಾರಿ. ಒಂದು ದಪ್ಪ ಕೇಬಲ್ ಸೀದಾ ಎಂಜಿನ್ನಿಗೆ. ಇನ್ನೊಂದು ಫ್ಯೂಸ್ ದಾಟಿ ಡ್ಯಾಶ್‌ನ ಪ್ಯಾನೆಲ್ಲಿಗೆ, ಅಲ್ಲಿಂದ ಒಂದೊಂದು ಫ್ಯೂಸಿನ ಮೂಲಕ ದೀಪ, ಹಾರ್ನ್, ಸ್ಕ್ರೀನ್, ಪಂಪು. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಜನ ಮರೆಯೋದು ವಾಪಸ್ ಬರುವ ದಾರಿಯನ್ನು. ಕಾರಿನಲ್ಲಿ ಬಾಡಿಯೇ ಕಬ್ಬಿಣ, ಹಾಗಾಗಿ ಎಲ್ಲಿ ಬೇಕಾದರೂ ನೆಗೆಟಿವ್ ಸಿಗುತ್ತದೆ. ಫೈಬರ್ ಬೋಟಿನಲ್ಲಿ ಆ ಮಾತೇ ಇಲ್ಲ. ಹೋದ ಪ್ರತಿಯೊಂದು ಆಂಪಿಯರ್ ವೈರಿನಲ್ಲೇ ವಾಪಸ್ ಬರಬೇಕು. ಪ್ರತಿ ದೀಪಕ್ಕೂ ಎರಡು ವೈರು. ವಾಪಸ್ ಬರುವ ವೈರುಗಳೆಲ್ಲ ಒಂದು ತಾಮ್ರದ ಪಟ್ಟಿಗೆ ಸೇರುತ್ತವೆ, ಅದೇ ನೆಗೆಟಿವ್ ಬಸ್ ಬಾರ್. ಅಲ್ಲಿಂದ ಬ್ಯಾಟರಿಗೆ ಒಂದೇ ದಪ್ಪ ಕೇಬಲ್.

ನಾನು ನೋಡಿದ ಹಳೇ ಬೋಟುಗಳಲ್ಲಿ ಜಾಸ್ತಿ ತೊಂದರೆ ಇದ್ದದ್ದು ಈ ವಾಪಸ್ ದಾರಿಯಲ್ಲೇ. ಪಾಸಿಟಿವ್ ಕಡೆ ಸ್ವಿಚ್ಚು, ಫ್ಯೂಸು ಇರುವುದರಿಂದ ಜನ ಅಲ್ಲೇ ಹುಡುಕುತ್ತಾರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಒಂದು ದೊಡ್ಡ ಹಾಳೆ ತೆಗೆದುಕೊಂಡು ಬ್ಯಾಟರಿಯಿಂದ ಶುರು ಮಾಡಿ ಬರೆಯಿರಿ. ಡ್ಯಾಶ್‌ನ ಗೂಡಿನಿಂದ ಶುರು ಮಾಡಬೇಡಿ, ತಲೆ ಕೆಡುತ್ತದೆ. ಬ್ಯಾಟರಿ ಮೇಲೆ ಎಷ್ಟು ವೈರು ಕೂತಿವೆ, ಒಂದೊಂದೂ ಎಲ್ಲಿಗೆ ಹೋಗುತ್ತದೆ, ಅಷ್ಟೇ ಮೊದಲ ದಿನದ ಕೆಲಸ.

ತಾಮ್ರತಂತಿ:
ಹಳೇಚುಕ್ಕಾಣಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರೆಯುವಾಗ ಬಣ್ಣವನ್ನೂ ಬರೆದುಕೊಳ್ಳಿ. ಅಮೆರಿಕದ ಎಬಿವೈಸಿ (ಬೋಟು ಕಟ್ಟುವ ನಿಯಮ ಬರೆಯುವ ಸಂಸ್ಥೆ) ಪದ್ಧತಿಯಲ್ಲಿ ಕಟ್ಟಿದ ಬೋಟಾದರೆ ಬಣ್ಣಕ್ಕೆ ಅರ್ಥ ಇದೆ. ಕೆಂಪು ಪಾಸಿಟಿವ್, ಹಳದಿ ಅಥವಾ ಕಪ್ಪು ನೆಗೆಟಿವ್, ಕಡು ಬೂದು ನ್ಯಾವಿಗೇಶನ್ ದೀಪ, ಕಂದು ಪಂಪು, ಗುಲಾಬಿ ಪೆಟ್ರೋಲ್ ಗೇಜು, ನೇರಳೆ ಇಗ್ನಿಶನ್, ಕಿತ್ತಳೆ ಇತರ ಸಾಮಾನು.

ದಡದಾಚೆ:
ಹಳದಿ ನೆಗೆಟಿವ್ವಾ? ನನ್ನ ಬೋಟಿನಲ್ಲಿ ಹಳದಿ ವೈರು ತಳದ ಆವಿ ಹೊರಗೆಳೆಯುವ ಫ್ಯಾನಿಗೆ, ಅಂದರೆ ಬಿಲ್ಜ್ ಬ್ಲೋವರ್‌ಗೆ ಹೋಗುತ್ತದೆ, ಅದರಲ್ಲಿ ಕರೆಂಟಿದೆ.

ತಾಮ್ರತಂತಿ:
ನಿಮ್ಮದು ಹಳೇ ಬೋಟು ಇರಬೇಕು. ಮುಂಚೆ ಬ್ಲೋವರ್‌ಗೆ ಹಳದಿ ಇತ್ತು. 120 ಅಥವಾ 240 ವೋಲ್ಟಿನ ಎಸಿ (ಮನೆಯಲ್ಲಿರುವ ಥರದ ಕರೆಂಟು) ಬೋಟಿಗೆ ಬಂದಾಗ ಅಮೆರಿಕದಲ್ಲಿ ಎಸಿಯ ಜೀವಂತ ವೈರು ಕಪ್ಪು, ಡಿಸಿ (ಬ್ಯಾಟರಿ ಕರೆಂಟು) ನೆಗೆಟಿವ್ವೂ ಕಪ್ಪು. ಯಾರಾದರೂ ಗೊಂದಲದಲ್ಲಿ ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಅದಕ್ಕೆ ಡಿಸಿ ನೆಗೆಟಿವ್ ಹಳದಿ ಇರಲಿ ಅಂತ ಬದಲಾಯಿಸಿದರು, ಬ್ಲೋವರ್‌ಗೆ ಕಂದಿನ ಮೇಲೆ ಹಳದಿ ಗೆರೆ ಬಂತು. ಆದ್ದರಿಂದ ಹಳೇ ಬೋಟಿನಲ್ಲಿ ಬಣ್ಣ ಬರೀ ಸುಳಿವು. ಮೀಟರ್ ಇಟ್ಟು ನೋಡದೆ ಯಾವ ಹಳದಿಯನ್ನೂ ನೆಗೆಟಿವ್ ಅಂತ ನಂಬಬೇಡಿ.

ನೀಲಿಹರವು:
ಇದು ನನಗೆ ಗೊತ್ತೇ ಇರಲಿಲ್ಲ. ನನ್ನ ಡ್ಯಾಶ್ ಕೆಳಗೆ ಹಳದಿ ಎರಡಿವೆ. ಈ ವಾರಾಂತ್ಯ ಹಾಳೆ, ಪೆನ್ನು, ಮೀಟರ್ ಹಿಡಿದು ಕೂರುತ್ತೇನೆ. ಮೀಟರ್‌ಹಿಡಿ ಸರ್, ‘ಕೆಲಸ ಮಾಡುವಾಗ ಕುಸಿಯೋದು’ ಅಂದಿರಲ್ಲ, ಅದನ್ನು ಅಳೆಯೋದು ಹೇಗೆ?

ಮೀಟರ್‌ಹಿಡಿ:
ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇದೊಂದು ಕಲಿತರೆ ಅರ್ಧ ಬೋಟು ಕಲಿತ ಹಾಗೆ.

ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಬ್ಬರು ಕೀ ತಿರುಗಿಸಲಿ, ನೀವು ಅಳೆಯಿರಿ. ಎಂಜಿನ್ ಹೊತ್ತಿಕೊಳ್ಳದ ಹಾಗೆ ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆದಿಡಿ. ಕೆಲವು ಎಂಜಿನ್ನುಗಳಲ್ಲಿ ಕ್ಲಿಪ್ ತೆಗೆದರೆ ಸೆಲ್ಫೂ ತಿರುಗುವುದಿಲ್ಲ, ಹಾಗಾದರೆ ನಿಮ್ಮ ಎಂಜಿನ್ ಪುಸ್ತಕ ನೋಡಿ. ಪ್ರೊಪೆಲ್ಲರ್ ಹತ್ತಿರ ಯಾರೂ ಇರಬಾರದು. ಒಂದು ಸಲಕ್ಕೆ ನಾಲ್ಕೈದು ಸೆಕೆಂಡು ಸಾಕು.

ಮೊದಲ ಅಳತೆ, ಮೀಟರಿನ ಎರಡೂ ಕಡ್ಡಿ ಬ್ಯಾಟರಿಯ ಎರಡು ಕಂಬಗಳ ಮೇಲೆ. ಸೆಲ್ಫ್ ತಿರುಗುವಾಗ ಎಷ್ಟಕ್ಕೆ ಇಳಿಯಿತು ನೋಡಿ. ಹತ್ತಕ್ಕಿಂತ ಮೇಲೆ ನಿಂತರೆ ಬ್ಯಾಟರಿ ಮೇಲೆ ಅನುಮಾನ ಬೇಡ. ಎರಡನೆಯದು, ಒಂದು ಕಡ್ಡಿ ಸ್ಟಾರ್ಟರಿನ (ಸೆಲ್ಫ್ ಮೋಟಾರಿನ) ಪಾಸಿಟಿವ್ ಬೋಲ್ಟ್ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ದಾರಿಯಲ್ಲಿ ಸೋರಿಹೋಗುತ್ತಿದೆ.

ಎಲ್ಲಿ ಸೋರುತ್ತಿದೆ ಅಂತ ತಿಳಿಯೋಕೆ ಮೂರನೇ ಅಳತೆ. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಲೋಹದ ಮೇಲೆ. ಎರಡೂ ನೆಗೆಟಿವ್ವೇ ಅಲ್ವಾ, ಸೊನ್ನೆ ಬರಬೇಕು ಅನ್ನಿಸುತ್ತದೆ. ಸೆಲ್ಫ್ ತಿರುಗುವಾಗ ನೋಡಿ. ಕೇಬಲ್ ಒಳ್ಳೆಯದಿದ್ದರೆ ವೋಲ್ಟಿನ ಚೂರುಪಾರು ತೋರಿಸುತ್ತದೆ. ಒಂದು ವೋಲ್ಟ್ ದಾಟಿತು ಅಂದರೆ ಆ ದಾರಿಯಲ್ಲೇ ರೋಗ ಇದೆ. ಪಾಸಿಟಿವ್ ಕಡೆಯೂ ಹಾಗೇ, ಬ್ಯಾಟರಿ ಪಾಸಿಟಿವ್ ಕಂಬದಿಂದ ಸ್ಟಾರ್ಟರ್ ಬೋಲ್ಟಿಗೆ.

ಕಡ್ಡಿಯನ್ನು ಕಂಬದ ಮೇಲೇ ಇಡಿ, ಅದರ ಮೇಲೆ ಕೂತಿರುವ ಲಗ್ (ಕೇಬಲ್ ತುದಿಯ ಲೋಹದ ಬಳೆ) ಮೇಲಲ್ಲ. ಲಗ್ಗಿಗೂ ಕಂಬಕ್ಕೂ ನಡುವೆ ಕಿಲುಬು ಇದ್ದರೆ ಲಗ್ ಮೇಲೆ ಇಟ್ಟಾಗ ಅದು ಕಾಣುವುದೇ ಇಲ್ಲ.

ಲಂಗರು:
ಇಷ್ಟೆಲ್ಲ ಯಾಕೆ, ಮೀಟರನ್ನು ಓಮ್‌ಗೆ ಇಟ್ಟು ಕೇಬಲ್ಲಿನ ಎರಡು ತುದಿ ಮುಟ್ಟಿದರೆ ಗೊತ್ತಾಗಲ್ವಾ? ಬೀಪ್ ಅಂದರೆ ಸರಿ ಇದೆ ಅಂತ.

ಮೀಟರ್‌ಹಿಡಿ:
ಗೊತ್ತಾಗುವುದಿಲ್ಲ. ನೂರು ಎಳೆ ಇರುವ ಕೇಬಲ್ಲಿನಲ್ಲಿ ತೊಂಬತ್ತೆಂಟು ಎಳೆ ತಿಂದುಹೋಗಿ ಎರಡು ಉಳಿದಿದ್ದರೂ ಬೀಪ್ ಅನ್ನುತ್ತದೆ. ಮೀಟರ್ ಕಳಿಸೋದು ಒಂದಿಷ್ಟು ಮಿಲಿಆಂಪ್. ಸ್ಟಾರ್ಟರ್ ಕೇಳೋದು ನೂರು ಆಂಪ್‌ಗಿಂತ ಮೇಲೆ. 100 ಆಂಪ್ ಹರಿಯುವಾಗ ದಾರಿಯಲ್ಲಿ ಬರೀ 0.02 ಓಮ್ ತಡೆ ಇದ್ದರೂ 2 ವೋಲ್ಟ್ ಹೋಯಿತು. 0.02 ಓಮನ್ನು ಸಾಮಾನ್ಯ ಮೀಟರ್ ಹಿಡಿಯಲಾರದು.

ಲಂಗರು:
ಸರಿ, ಒಪ್ಪಿದೆ. ನಾನು ಇಷ್ಟು ವರ್ಷ ಬೀಪ್ ನಂಬಿಕೊಂಡಿದ್ದೆ.

ಚುಕ್ಕಿದೀಪ:
ಕೈ ಹಾಕುವ ಮುಂಚೆ ಒಂದು ಮಾತು. ಉಂಗುರ, ಸ್ಟೀಲ್ ಬಳೆ, ಕೈಗಡಿಯಾರ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯಲ್ಲ, ಆದರೆ ಸ್ಪ್ಯಾನರ್ ಅಥವಾ ಉಂಗುರ ಬ್ಯಾಟರಿಯ ಎರಡು ಕಂಬಕ್ಕೆ ಅಡ್ಡ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಮತ್ತೆ, ಹಾಕುವಾಗ ಎರಡು ಸಲ ನೋಡಿ. ಉಲ್ಟಾ ಕೊಟ್ಟರೆ ಎಂಜಿನ್ನಿನ ರೆಕ್ಟಿಫೈಯರ್ (ಎಂಜಿನ್ನಿನ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ಡಯೋಡುಗಳು ಅಲ್ಲೇ ಸುಟ್ಟುಹೋಗುತ್ತವೆ.

ದಡದಾಚೆ:
ಸ್ವಿಚ್ ಬಗ್ಗೆಯೂ ಹೇಳಿಬಿಡಿ. ಎಂಜಿನ್ ಓಡುತ್ತಿರುವಾಗ ತಪ್ಪಿಯೂ ಆಫ್ ಮಾಡಬೇಡಿ. ಚಾರ್ಜ್ ಆಗುತ್ತಿರುವ ಕರೆಂಟಿಗೆ ಹೋಗೋಕೆ ಜಾಗ ಇಲ್ಲದೆ ವೋಲ್ಟೇಜ್ ಮೇಲಕ್ಕೆ ಹಾರುತ್ತದೆ. ನನ್ನ ತಮ್ಮ ಒಂದು ಸಲ ಕಾಲು ತಗುಲಿಸಿ ಆಫ್ ಮಾಡಿದ. ಚಾರ್ಜಿಂಗ್ ಹೋಯಿತು, ರೆಕ್ಟಿಫೈಯರ್ ಹೊಸದು ಹಾಕಿಸಬೇಕಾಯಿತು.

ತಾಮ್ರತಂತಿ:
1ರಿಂದ 2ಕ್ಕೆ ಹೋಗುವಾಗ ಬೋತ್ ಮೂಲಕವೇ ಹೋಗಿ, ಆಫ್ ಕಡೆಯಿಂದ ಸುತ್ತಬೇಡಿ. ಸಾಧ್ಯವಾದರೆ ಒಂದು ವಿಎಸ್‌ಆರ್ ಹಾಕಿ. ವೋಲ್ಟೇಜ್ ನೋಡಿಕೊಂಡು ತಾನೇ ಸೇರುವ ರಿಲೇ ಅದು. ಎಂಜಿನ್ ಓಡಿ ಮೊದಲ ಬ್ಯಾಟರಿ 13.3ರ ಆಸುಪಾಸಿಗೆ ಬಂದಾಗ ಎರಡನ್ನೂ ಜೋಡಿಸುತ್ತದೆ, 12.8ರ ಹತ್ತಿರ ಇಳಿದಾಗ ಬೇರೆ ಮಾಡುತ್ತದೆ. ಸಂಗೀತ ಹಾಕಿ, ದೀಪ ಹಾಕಿ ಎರಡನೆಯದು ಬರಿದಾದರೂ ಸೆಲ್ಫಿನ ಬ್ಯಾಟರಿ ಉಳಿದಿರುತ್ತದೆ.

ಅಲೆಮಾರಿ:
ಅದಕ್ಕಿಂತ ಲಿಥಿಯಂ ಹಾಕಿಬಿಡಿ. ತೂಕ ಅರ್ಧಕ್ಕಿಂತ ಕಡಿಮೆ, ಹೆಚ್ಚುಕಡಿಮೆ ಖಾಲಿ ಆಗುವವರೆಗೂ ವೋಲ್ಟೇಜ್ ಅಷ್ಟಾಗಿ ಇಳಿಯಲ್ಲ.

ತಾಮ್ರತಂತಿ:
ಅಲೆಮಾರಿ ಅವರೇ, ಲಿಥಿಯಂ ಒಳ್ಳೆಯದೇ. ಆದರೆ ಹಳೇ ವೈರಿಂಗಿನ ಮೇಲೆ ಹಾಗೇ ಕೂರಿಸೋದು ಬೇಡ. ಅದು ಕರೆಂಟನ್ನು ಸಿಕ್ಕಷ್ಟೂ ಎಳೆದುಕೊಳ್ಳುತ್ತದೆ, ಸಣ್ಣ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಮಾಡುವ ಯಂತ್ರ) ಕಾದು ಸೋಲುತ್ತದೆ. ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಏನೋ ಸರಿ ಇಲ್ಲ ಅಂತ ಚಾರ್ಜ್ ಕಡಿದುಹಾಕಿದರೆ ದಡದಾಚೆ ಅವರ ತಮ್ಮ ಆಫ್ ಮಾಡಿದ ಹಾಗೇ ಆಗುತ್ತದೆ. ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ ಟು ಡಿಸಿ ಚಾರ್ಜರ್ ಬೇಕು. ಮತ್ತೆ 13.2 ತೋರಿಸಿದರೆ ಲೆಡ್ ಲೆಕ್ಕದಲ್ಲಿ ತುಂಬಿ ತುಳುಕುತ್ತಿದೆ ಅನ್ನಿಸುತ್ತದೆ, ಲಿಥಿಯಂನಲ್ಲಿ ಅದು ಅರ್ಧದ ಸುತ್ತಮುತ್ತಲೂ ಇರಬಹುದು. ಮೊದಲು ಇರೋದನ್ನು ಸರಿ ಮಾಡೋಣ.

ಅಲೆಮಾರಿ:
ನಾನು ಹಾಕಿ ಎರಡು ವರ್ಷ ಆಯಿತು, ಏನೂ ಆಗಿಲ್ಲ. ಡಿಸಿ ಚಾರ್ಜರ್ ಮಾತ್ರ ಹಾಕಿಸಿದ್ದೇನೆ, ಅದನ್ನು ಬರೆಯೋದು ಬಿಟ್ಟುಹೋಯಿತು.

ನೀಲಿಹರವು:
ಅಳೆದೆ! ಒಂದನೇ ಬ್ಯಾಟರಿಯಲ್ಲಿ. ಸೆಲ್ಫ್ ತಿರುಗುವಾಗ,

ಬ್ಯಾಟರಿ ಕಂಬಗಳ ಮೇಲೆ 10.9
ಸ್ಟಾರ್ಟರ್ ಬೋಲ್ಟ್ ಮತ್ತು ಎಂಜಿನ್ ಲೋಹದ ನಡುವೆ 8.3
ಪಾಸಿಟಿವ್ ದಾರಿಯಲ್ಲಿ 0.6
ನೆಗೆಟಿವ್ ದಾರಿಯಲ್ಲಿ 2.0

ನೆಗೆಟಿವ್ ಅಳತೆ ನೋಡಿ ಮೀಟರೇ ಕೆಟ್ಟಿದೆ ಅಂದುಕೊಂಡು ಮೂರು ಸಲ ಮಾಡಿದೆ. ಅದೇ ಬಂತು.

ಮೀಟರ್‌ಹಿಡಿ:
ಲೆಕ್ಕ ಕೂಡ ಕೂಡುತ್ತದೆ ನೋಡಿ. 0.6 ಮತ್ತು 2.0 ಸೇರಿ 2.6. 10.9ರಲ್ಲಿ 2.6 ಕಳೆದರೆ 8.3. ಬ್ಯಾಟರಿ ಗಟ್ಟಿ ಇದೆ. ನಿಮ್ಮ ಹಾಳೆಯಲ್ಲಿ ಡ್ಯಾಶ್‌ನ ನೆಗೆಟಿವ್ ಎಲ್ಲಿಗೆ ಬಂದು ಸೇರುತ್ತದೆ?

ನೀಲಿಹರವು:
ಎಂಜಿನ್ ನೆಗೆಟಿವ್ ಕೇಬಲ್ಲೂ ಡ್ಯಾಶ್ ನೆಗೆಟಿವ್ವೂ ಹಿಂದೆ ಒಂದು ಬಸ್ ಬಾರ್ ಮೇಲೆ ಸೇರುತ್ತವೆ. ಅಲ್ಲಿಂದ ಬ್ಯಾಟರಿಗೆ ಒಂದೇ ಕೇಬಲ್.

ಹಳೇಚುಕ್ಕಾಣಿ:
ಹಾಗಾದರೆ ಸಿಕ್ಕಿತು. ಆ ಒಂದು ಕೇಬಲ್ಲಿನಲ್ಲಿ ಅಥವಾ ಅದರ ಎರಡು ತುದಿಗಳಲ್ಲಿ ಇದೆ. ಸೆಲ್ಫ್ ಎಳೆಯುವಾಗ ಬಸ್ ಬಾರೇ 2 ವೋಲ್ಟ್ ಮೇಲೆ ಏರುತ್ತದೆ. ಡ್ಯಾಶ್‌ಗೆ ಸಿಗೋದು ಒಂಬತ್ತರ ಕೆಳಗೆ. ಸ್ಕ್ರೀನ್ ಪಾಪ ಆಫ್ ಆಗದೆ ಏನು ಮಾಡುತ್ತದೆ? ಟ್ರಿಮ್ ಮೋಟಾರ್ ಎಳೆದಾಗ ದೀಪ ಮಂಕಾಗೋದೂ ಅದಕ್ಕೇ. ಮೂರು ತೊಂದರೆ, ಕಾರಣ ಒಂದೇ. ಬಿಚ್ಚಿ ನೋಡಿ ಹೇಳಿ.

ನೀಲಿಹರವು:
ಬಿಚ್ಚಿದೆ. ಬ್ಯಾಟರಿ ತುದಿಯಲ್ಲಿ ವಿಂಗ್ ನಟ್ (ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್) ಇತ್ತು, ಬೆರಳಲ್ಲೇ ತಿರುಗಿತು. ಅದೊಂದೇ ಅಂದುಕೊಂಡೆ. ಲಗ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು, ಮೇಲೆ ಕಪ್ಪು ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಇತ್ತು. ಅದನ್ನು ಚಾಕುವಿನಲ್ಲಿ ಉದ್ದಕ್ಕೆ ಸೀಳಿದೆ. ಒಳಗೆ ಹಸಿರು ಪುಡಿ ಉದುರಿತು. ಎಳೆಗಳು ಕರಿ ಬಣ್ಣ, ಬೆರಳಲ್ಲಿ ಸ್ವಲ್ಪ ಬಗ್ಗಿಸಿದ್ದಕ್ಕೆ ಪಟಪಟ ಅಂತ ಐದಾರು ಮುರಿದವು. ವೈರಿನ ಪ್ಲಾಸ್ಟಿಕ್ಕನ್ನು ಇನ್ನೂ ಒಂದು ಗೇಣು ಸೀಳಿದೆ, ಅಲ್ಲಿವರೆಗೂ ಕಪ್ಪಗೇ ಇತ್ತು. ಹೊರಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ಸುಮ್ಮನೆ ಕೂತು ನೋಡುತ್ತಿದ್ದೆ. ಇದನ್ನು ನಂಬಿಕೊಂಡು ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೆನಲ್ಲ ಅಂತ.

ತಾಮ್ರತಂತಿ:
ಅದು ಬರಿ ತಾಮ್ರದ ಕೇಬಲ್ಲು. ತೇವ ಲಗ್ಗಿನ ಬಾಯಿಂದ ಒಳಗೆ ಹೋಗಿ ಎಳೆಗಳ ನಡುವೆ ಏರಿಕೊಂಡು ಹೋಗುತ್ತದೆ. ಕತ್ತರಿಸಿ ಹೊಸ ಲಗ್ ಹಾಕಿದರೆ ಸಾಲದು, ಪೂರ್ತಿ ಕೇಬಲ್ ಬದಲಾಯಿಸಿ. ತವರ ಲೇಪಿಸಿದ, ಸಣ್ಣ ಸಣ್ಣ ಎಳೆಗಳಿರುವ ಮರೀನ್ ಕೇಬಲ್ ತೆಗೆದುಕೊಳ್ಳಿ. ಮನೆಗೆ ಹಾಕುವ ಒಂಟಿ ಎಳೆಯ ವೈರು ಬೋಟಿಗೆ ಬೇಡವೇ ಬೇಡ, ಅಲುಗಾಟಕ್ಕೆ ಮುರಿಯುತ್ತದೆ. ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಕಾಯಿಸಿದಾಗ ಅಂಟು ಕರಗಿ ಅಂಚಿನಲ್ಲಿ ಇಣುಕಬೇಕು. ಇಣುಕಿತು ಅಂದರೆ ನೀರು ಒಳಗೆ ಹೋಗಲ್ಲ. ವಿಂಗ್ ನಟ್ ಎಸೆದು ಸ್ಪ್ಯಾನರ್ ನಟ್ ಹಾಕಿ. ದಪ್ಪ ಕೇಬಲ್ಲಿಗೆ ವಿಂಗ್ ನಟ್ ಎಬಿವೈಸಿಯೂ ಒಪ್ಪುವುದಿಲ್ಲ.

ಲಂಗರು:
ನಾನು ಯಾವಾಗಲೂ ಬೆಸುಗೆ ಹಾಕುತ್ತೇನೆ. ಬೆಸುಗೆಗಿಂತ ಗಟ್ಟಿ ಯಾವುದಿದೆ?

ತಾಮ್ರತಂತಿ:
ಬೆಸುಗೆ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿ ಮಾಡಿಬಿಡುತ್ತದೆ. ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗುವ ಜಾಗದಲ್ಲಿ ಅಲುಗಾಡಿ ಅಲುಗಾಡಿ ತುಂಡಾಗುತ್ತದೆ. ಜೊತೆಗೆ ಜಾಯಿಂಟ್ ಜೋರಾಗಿ ಕಾದರೆ ಬೆಸುಗೆ ಕರಗಿ ವೈರೇ ಕಳಚಿಕೊಳ್ಳಬಹುದು. ಒತ್ತಿದ ಮೇಲೆ ಬೇಕಾದರೆ ಹಾಕಿ, ಬರೀ ಬೆಸುಗೆಯ ಮೇಲೆ ಮಾತ್ರ ನಿಲ್ಲಿಸಬೇಡಿ.

ಲಂಗರು:
ನನ್ನ ಬೆಸುಗೆ ಹತ್ತು ವರ್ಷದಿಂದ ಇದೆ. ಆದರೂ ನಿಮ್ಮ ಮಾತು ತೆಗೆದುಹಾಕುವ ಹಾಗಿಲ್ಲ, ಮುಂದಿನ ಸಲ ಒತ್ತಿಯೇ ಮಾಡುತ್ತೇನೆ.

ಚುಕ್ಕಿದೀಪ:
ನೀಲಿಹರವು ಅವರೇ, ಹಾಳೆಯಲ್ಲಿ ಬಿಲ್ಜ್ ಪಂಪ್ ಎಲ್ಲಿಂದ ಕರೆಂಟು ತೆಗೆದುಕೊಳ್ಳುತ್ತದೆ ನೋಡಿ. ಇದನ್ನು ದಯವಿಟ್ಟು ಇವತ್ತೇ ನೋಡಿ.

ನೀಲಿಹರವು:
ಡ್ಯಾಶ್‌ನ ಪ್ಯಾನೆಲ್ಲಿನಿಂದ. ದಪ್ಪ ಸ್ವಿಚ್ ಆಫ್ ಮಾಡಿದರೆ ಅದೂ ಆಫ್.

ಚುಕ್ಕಿದೀಪ:
ಅದನ್ನು ಮೊದಲು ಬದಲಾಯಿಸಿ. ಬೋಟು ಕಟ್ಟಿ ಮನೆಗೆ ಹೋದ ಮೇಲೆ, ಮಳೆ ಬಂದಾಗ, ಎಲ್ಲೋ ಸೋರಿದಾಗ ತಳದಲ್ಲಿ ಸೇರುವ ನೀರು ಎತ್ತುವವರು ಯಾರೂ ಇರುವುದಿಲ್ಲ. ಪಂಪಿಗೆ ಎರಡು ದಾರಿ ಇರಬೇಕು. ಡ್ಯಾಶ್‌ನ ಕೈ ಸ್ವಿಚ್ಚಿನಿಂದ ಒಂದು. ಇನ್ನೊಂದು ತೇಲುವ ಫ್ಲೋಟ್ ಸ್ವಿಚ್ಚಿನ ಮೂಲಕ ಸೀದಾ ಬ್ಯಾಟರಿಯಿಂದ, ಅದರದೇ ಫ್ಯೂಸಿನ ಜೊತೆ. ಮುಖ್ಯ ಸ್ವಿಚ್ ಆಫ್ ಇದ್ದರೂ ನೀರು ಏರಿದರೆ ಪಂಪು ತಾನೇ ಓಡಬೇಕು. ನಮ್ಮ ಬೋಟು ಒಂದು ಬೆಳಗ್ಗೆ ಹಿಂಬದಿ ಮುಳುಗಿ ಮೂತಿ ಮೇಲೆತ್ತಿಕೊಂಡು ನಿಂತಿತ್ತು. ಎರಡೂ ಬ್ಯಾಟರಿ ತುಂಬಿದ್ದವು, ಪಂಪೂ ಚೆನ್ನಾಗಿತ್ತು. ಸ್ವಿಚ್ ಆಫ್ ಮಾಡಿ ಹೋಗಿದ್ದೆವು ಅಷ್ಟೇ.

ದಡದಾಚೆ:
ಅಯ್ಯೋ. ಆ ಪಂಪಿಗೆ ಸುಮ್ನೆ ದೊಡ್ಡ ಫ್ಯೂಸ್ ಹಾಕಿಬಿಡಿ, 30 ಆಂಪ್. ಮಧ್ಯರಾತ್ರಿ ಫ್ಯೂಸ್ ಹೋದರೆ ಕಷ್ಟ.

ಮೀಟರ್‌ಹಿಡಿ:
ಬೇಡ ಬೇಡ. ಫ್ಯೂಸ್ ಇರೋದು ವೈರನ್ನು ಕಾಯೋಕೆ. ಪಂಪಿನ ರೆಕ್ಕೆಗೆ ಮೀನಿನ ದಾರ ಸುತ್ತಿಕೊಂಡು ನಿಂತುಹೋದರೆ ಮೋಟಾರ್ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಸರಿಯಾದ ಫ್ಯೂಸ್ ಕಡಿದುಕೊಳ್ಳುತ್ತದೆ. 30 ಆಂಪ್ ಫ್ಯೂಸ್ ತಾನು ಉಳಿದು, ಸಣ್ಣ ವೈರನ್ನು ಕೆಂಡ ಮಾಡುತ್ತದೆ. ಯಾರೂ ಇಲ್ಲದ ಬೋಟಿನಲ್ಲಿ ಬೆಂಕಿ. ಪಂಪಿನ ಮೇಲೇ ಎಷ್ಟು ಆಂಪ್ ಫ್ಯೂಸ್ ಅಂತ ಬರೆದಿರುತ್ತದೆ, ಅಷ್ಟೇ ಹಾಕಿ. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಇಡಿ, ಎಬಿವೈಸಿ ಲೆಕ್ಕದಲ್ಲಿ ಸುಮಾರು 18 ಸೆಂಟಿಮೀಟರ್ ಒಳಗೆ. ಫ್ಯೂಸಿಗಿಂತ ಮುಂಚಿನ ವೈರನ್ನು ಯಾರೂ ಕಾಯುವುದಿಲ್ಲ, ಅದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ದಡದಾಚೆ:
ಸರಿ, ನನ್ನ ಬೋಟಿನದೂ ಇವತ್ತೇ ಬದಲಾಯಿಸುತ್ತೇನೆ. ಅಂದಹಾಗೆ ನೀಲಿಹರವು ಅವರೇ, ವಿಎಸ್‌ಆರ್ ಬದಲು ಕಾರಿನ ರಿಲೇ ಹಾಕಬಹುದು. ಟ್ಯಾಂಕಿನ ಪಕ್ಕ ಜಾಗ ಇರುತ್ತದೆ.

ಹಳೇಚುಕ್ಕಾಣಿ:
ಇದು ಮಾತ್ರ ಬೇಡ, ಕೈ ಮುಗಿದು ಹೇಳುತ್ತೇನೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ಕೆಳಗೆ ರಸ್ತೆಗೆ ಹೋಗುತ್ತದೆ. ಬೋಟಿನಲ್ಲಿ ತಳ ಅನ್ನೋದು ಬಟ್ಟಲು ಇದ್ದ ಹಾಗೆ, ಅಲ್ಲೇ ಕೂತಿರುತ್ತದೆ. ರಿಲೇ ಸೇರುವಾಗ ಒಳಗೆ ಒಂದು ಸಣ್ಣ ಕಿಡಿ ಬರುತ್ತದೆ, ಅಷ್ಟು ಸಾಕು. ಪೆಟ್ರೋಲ್ ಟ್ಯಾಂಕ್ ಅಥವಾ ಪೆಟ್ರೋಲ್ ಎಂಜಿನ್ ಇರುವ ಮುಚ್ಚಿದ ಜಾಗದಲ್ಲಿ ಕೂರುವ ಯಾವುದೇ ಕರೆಂಟಿನ ಸಾಮಾನು ‘ಇಗ್ನಿಶನ್ ಪ್ರೊಟೆಕ್ಟೆಡ್’ ಅಂತ ಗುರುತು ಇರುವುದೇ ಆಗಿರಬೇಕು. ಒಳಗೆ ಎಂಜಿನ್ ಇರುವ ಬೋಟುಗಳಲ್ಲಿ ಸ್ಟಾರ್ಟರ್, ಆಲ್ಟರ್ನೇಟರ್ ಕೂಡ ಅಷ್ಟೇ. ಕಾರಿನದು ನೋಡೋಕೆ ಅದೇ ಥರ ಇರುತ್ತದೆ, ಬೋಲ್ಟೂ ಕೂರುತ್ತದೆ, ಆದರೆ ಕಿಡಿ ಹೊರಗೆ ಬರದ ಹಾಗೆ ಕಟ್ಟಿರುವುದಿಲ್ಲ. ಅಂಥ ಬೋಟಿನಲ್ಲಿ ಎಂಜಿನ್ ಶುರು ಮಾಡುವ ಮುಂಚೆ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿ ಅನ್ನೋದೂ ಇದಕ್ಕೇ. ಮೂಸಿಯೂ ನೋಡಿ.

ದಡದಾಚೆ:
ತಿಳಿಯದೆ ಬರೆದೆ, ಹಿಂದೆ ತೆಗೆದುಕೊಂಡೆ. ನನ್ನದು ಡೀಸೆಲ್, ಹಾಗಾಗಿ ಹೊಳೆಯಲಿಲ್ಲ.

ನೀಲಿಹರವು:
ಹೊಸ ಸುದ್ದಿ. ನೆಗೆಟಿವ್ ಕೇಬಲ್ ಹೊಸದು ಹಾಕಿದೆ. ಪಾಸಿಟಿವ್ ಲಗ್ಗುಗಳನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆ. ಈಗ ಸೆಲ್ಫ್ ತಿರುಗುವಾಗ ಬ್ಯಾಟರಿಯಲ್ಲಿ 10.7, ನೆಗೆಟಿವ್ ದಾರಿ 0.2, ಪಾಸಿಟಿವ್ ದಾರಿ 0.3, ಎಂಜಿನ್ನಿನಲ್ಲಿ 10.2. ಮೊದಲ ಸಲಕ್ಕೇ ಹೊತ್ತಿಕೊಂಡಿತು! ಸೆಲ್ಫಿನ ಶಬ್ದವೇ ಬೇರೆ ಆಗಿದೆ. ಸ್ಕ್ರೀನ್ ಆಫ್ ಆಗಲಿಲ್ಲ. ಎಂಜಿನ್ ಓಡುವಾಗ 14.2 ಬರುತ್ತಿದೆ. ಆದರೆ ಬ್ಯಾಟರಿಯಲ್ಲಿ ಮೊದಲು 10.9 ಇದ್ದದ್ದು 10.7 ಆಯಿತಲ್ಲ, ಅದು ಯಾಕೆ?

ಮೀಟರ್‌ಹಿಡಿ:
ದಾರಿ ಸರಿ ಹೋದ ಮೇಲೆ ಸ್ಟಾರ್ಟರಿಗೆ ಬೇಕಾದಷ್ಟು ಕರೆಂಟು ಸಿಗುತ್ತಿದೆ. ಜಾಸ್ತಿ ಎಳೆದಾಗ ಬ್ಯಾಟರಿ ಇನ್ನೊಂದು ಚೂರು ಬಗ್ಗುತ್ತದೆ. ಒಳ್ಳೆಯ ಲಕ್ಷಣ. ನನಗೆ ಬಹಳ ಖುಷಿಯಾಯಿತು.

ಅಲೆಮಾರಿ:
ಅಭಿನಂದನೆ ಸರ್. ಬ್ಯಾಟರಿ ಅಂತ ಹೇಳಿ ನಿಮ್ಮ ದುಡ್ಡು ಖರ್ಚು ಮಾಡಿಸುತ್ತಿದ್ದೆ.

ನೀಲಿಹರವು:
ಪರವಾಗಿಲ್ಲ ಸರ್. ಇನ್ನೊಂದು ಉಳಿದಿದೆ. ಎಂಜಿನ್ ಆಫ್ ಇಟ್ಟು ಎಲ್ಲ ದೀಪ, ಸ್ಕ್ರೀನ್, ರೇಡಿಯೋ ಹಾಕಿದರೆ ಡ್ಯಾಶ್‌ನಲ್ಲಿ ಬ್ಯಾಟರಿಗಿಂತ 0.7 ವೋಲ್ಟ್ ಕಡಿಮೆ. ಜಾಯಿಂಟುಗಳನ್ನೆಲ್ಲ ಉಜ್ಜಿದೆ, ಕಡಿಮೆ ಆಗುತ್ತಿಲ್ಲ. ಕ್ಲಾಂಪ್ ಮೀಟರಿನಲ್ಲಿ 9 ಆಂಪ್ ಹೋಗುತ್ತಿದೆ. ಹಿಂದಿನಿಂದ ಡ್ಯಾಶ್‌ಗೆ ವೈರು ಐದು ಮೀಟರ್, 2.5 ಚದರ ಮಿಲಿಮೀಟರ್.

ತಾಮ್ರತಂತಿ:
ಜಾಯಿಂಟು ಸರಿ ಇದೆ, ವೈರೇ ಸಣ್ಣದು. ಐದು ಮೀಟರ್ ಅಲ್ಲ, ಹೋಗಿ ಬರುವುದು ಸೇರಿ ಹತ್ತು ಮೀಟರ್. 2.5ರ ತಾಮ್ರಕ್ಕೆ ಮೀಟರಿಗೆ ಸುಮಾರು 0.0074 ಓಮ್. ಹತ್ತು ಮೀಟರಿಗೆ 0.074, ಅದನ್ನು 9 ಆಂಪಿಗೆ ಗುಣಿಸಿ. 0.67 ಬಂತು. ನಿಮ್ಮ ಮೀಟರ್ ಹೇಳಿದ್ದೂ ಅದನ್ನೇ. 6 ಚದರ ಮಿಲಿಮೀಟರಿನ ವೈರು ಎಳೆದರೆ 0.3 ವೋಲ್ಟಿನ ಹತ್ತಿರ ಬರುತ್ತದೆ. ಪ್ಯಾನೆಲ್ಲಿಗೆ ಹೋಗುವ ಮುಖ್ಯ ವೈರು, ನ್ಯಾವಿಗೇಶನ್ ದೀಪ, ಬ್ಲೋವರ್ ಇವುಗಳಲ್ಲಿ 3 ಶೇಕಡಾಕ್ಕಿಂತ ಜಾಸ್ತಿ ಕುಸಿಯಬಾರದು ಅನ್ನೋದು ಲೆಕ್ಕ. ಬೇರೆ ಸಣ್ಣಪುಟ್ಟದಕ್ಕೆ 10ರವರೆಗೂ ನಡೆಯುತ್ತದೆ.

ಲಂಗರು:
ಮಧ್ಯೆ ಬೇರೆ ವಿಷಯ ಕೇಳುತ್ತೇನೆ, ಕ್ಷಮಿಸಿ. ದಡದ ಕರೆಂಟಿಗೆ ಬೋಟಿನ ಚಾರ್ಜರ್ ಸಿಕ್ಕಿಸಿ ಇಡುತ್ತೇನೆ. ಎಂಜಿನ್ನಿನ ಸತುವಿನ ಆನೋಡ್ (ಬೇರೆ ಲೋಹ ಉಳಿಸೋಕೆ ತಾನು ಸವೆಯುವ ತುಂಡು) ಮೊದಲು ಒಂದು ವರ್ಷ ಬರುತ್ತಿತ್ತು, ಈಗ ಮೂರೇ ತಿಂಗಳಲ್ಲಿ ಸವೆದುಹೋಗಿದೆ.

ಹಳೇಚುಕ್ಕಾಣಿ:
ದಡದ ಅರ್ಥ್ ವೈರಿನ ಮೂಲಕ ನಿಮ್ಮ ಬೋಟು ಪಕ್ಕದ ಬೋಟುಗಳಿಗೆ ಜೋಡಣೆ ಆಗಿದೆ. ನೀರು ನಡುವೆ ಇದ್ದರೆ ಎಲ್ಲ ಸೇರಿ ಒಂದು ದೊಡ್ಡ ಬ್ಯಾಟರಿ. ನಿಮ್ಮ ಸತು ಕರಗಿ ಪಕ್ಕದವರ ಲೋಹವನ್ನು ಕಾಯುತ್ತಿರಬಹುದು. ಆ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೋಲೇಟರ್ ಅಥವಾ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಅರ್ಥ್ ವೈರನ್ನು ಮಾತ್ರ ಕತ್ತರಿಸಬೇಡಿ, ಜೀವಕ್ಕೆ ಅಪಾಯ. ಸಿಹಿನೀರಾದರೆ ಸತುವೂ ಬೇಡ, ಮೆಗ್ನೀಸಿಯಂ ಆನೋಡ್ ಹಾಕಿ.

ಚುಕ್ಕಿದೀಪ:
ದಡದ ಕರೆಂಟು ಸಿಕ್ಕಿಸಿರುವ ಬೋಟುಗಳ ನಡುವೆ ಯಾರನ್ನೂ ಈಜೋಕೆ ಬಿಡಬೇಡಿ. ಎಸಿ ನೀರಿಗೆ ಸೋರಿದ್ದರೆ ಸಿಹಿನೀರಿನಲ್ಲಿ ಅಪಾಯ ಇನ್ನೂ ಜಾಸ್ತಿ, ಯಾಕಂದರೆ ನೀರಿಗಿಂತ ಮನುಷ್ಯನ ಮೈ ಒಳ್ಳೆ ವಾಹಕ. ಕೈಕಾಲು ಮರಗಟ್ಟಿ ಈಜೋಕೆ ಆಗದೆ ಮುಳುಗುತ್ತಾರೆ. ಯಾರಾದರೂ ಹಾಗೆ ಒದ್ದಾಡುತ್ತಿದ್ದರೆ ನೀವು ನೀರಿಗೆ ಹಾರಬೇಡಿ, ಮೊದಲು ದಡದ ಮೇನ್ ಆಫ್ ಮಾಡಿ, ಹಗ್ಗವೋ ಟ್ಯೂಬೋ ಎಸೆಯಿರಿ.

ಲಂಗರು:
ಇದನ್ನು ನಮ್ಮ ಕಡೆ ಎಲ್ಲರಿಗೂ ಹೇಳುತ್ತೇನೆ. ಮಕ್ಕಳು ಅಲ್ಲೇ ಧುಮುಕುತ್ತಾರೆ.

ನೀಲಿಹರವು:
ಡ್ಯಾಶ್‌ಗೆ 6ರ ವೈರು ಎಳೆದೆ, ಈಗ 0.3. ಪಂಪಿಗೆ ಫ್ಲೋಟ್ ಸ್ವಿಚ್, ಅದರದೇ ಫ್ಯೂಸ್. ಎರಡು ಬಕೆಟ್ ನೀರು ತಳಕ್ಕೆ ಸುರಿದು, ಮುಖ್ಯ ಸ್ವಿಚ್ ಆಫ್ ಮಾಡಿ ನೋಡಿದೆ. ತಾನೇ ಓಡಿ ತಾನೇ ನಿಂತಿತು. ಹಳದಿ ವೈರುಗಳಲ್ಲಿ ಒಂದು ನೆಗೆಟಿವ್, ಇನ್ನೊಂದರಲ್ಲಿ 12.6 ಇತ್ತು! ಅದರ ತುದಿ ಬರಿ ಟೇಪಿನಲ್ಲಿತ್ತು, ಬುಡದಿಂದಲೇ ತೆಗೆದುಹಾಕಿದೆ.

ಕೊನೆಯದೊಂದು. ಹಿಂದಿನ ಕಂಬದ ಬಿಳಿ ದೀಪ ಆಂಕರ್ (ಲಂಗರು ಹಾಕಿ ನಿಂತಾಗಿನ) ಸ್ಥಾನದಲ್ಲಿ ಹತ್ತುತ್ತದೆ, ನ್ಯಾವಿಗೇಶನ್ ಸ್ಥಾನಕ್ಕೆ ಹಾಕಿದರೆ ಮುಂದಿನ ಕೆಂಪು, ಹಸಿರು ಮಾತ್ರ ಹತ್ತುತ್ತವೆ.

ಚುಕ್ಕಿದೀಪ:
ರಾತ್ರಿ ಹಾಗೆ ಹೋಗಬೇಡಿ, ಹಿಂದಿನಿಂದ ಬರುವವರಿಗೆ ನೀವು ಕಾಣುವುದೇ ಇಲ್ಲ. ಬಲ್ಬು, ಕಂಬ, ಸಾಕೆಟ್ ಎಲ್ಲ ಸರಿ ಇವೆ, ಇಲ್ಲದಿದ್ದರೆ ಆಂಕರಿನಲ್ಲೂ ಹತ್ತುತ್ತಿರಲಿಲ್ಲ. ಸ್ವಿಚ್ಚಿನ ಹಿಂದೆ ನೋಡಿ. ಮೂರು ಸ್ಥಾನದ ಸ್ವಿಚ್ಚು ಅದು. ಆಂಕರಿನಲ್ಲಿ ಬಿಳಿ ದೀಪ ಒಂದೇ, ನ್ಯಾವಿಗೇಶನ್‌ನಲ್ಲಿ ಮೂರೂ ಹತ್ತಬೇಕು. ಒಳಗೆ ಒಂದು ತಗಡು ತಿಂದುಹೋಗಿರಬೇಕು ಅಥವಾ ಹಿಂದಿನ ಒಂದು ಪಿನ್ನು ಕಳಚಿರಬೇಕು.

ನೀಲಿಹರವು:
ಪಿನ್ನೇ ಕಳಚಿತ್ತು. ಸಿಕ್ಕಿಸಿದೆ, ಮೂರೂ ಹತ್ತಿದವು. ಹಾಳೆಯಲ್ಲಿ ಆ ಪಿನ್ನನ್ನೂ ಬರೆದುಕೊಂಡೆ. ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಡ್ಯಾಶ್ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ.